ಕಾಣದ ಕಪಾಟಿನಲ್ಲಿ ಉಳಿದ ಲೆಕ್ಕಪತ್ರಗಳು

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಮಂಜು ಕವಿದ ದಿನ ತಪ್ಪಲಿನಲ್ಲಿ ನಿಂತವರಿಗೆ ಶಿಖರ ಕಾಣದು. ಕಾಣದೆಂದ ಮಾತ್ರಕ್ಕೆ ಬೆಟ್ಟವೇ ಇಲ್ಲವೆಂದು ಗುಂಡ್ಲುಪೇಟೆಯವರು ಯಾರೂ ಹೇಳುವುದಿಲ್ಲ. ಆದರೆ ನಮ್ಮ ಅಂಗಡಿ, ಕಾರ್ಖಾನೆಗಳ ಕಂಪ್ಯೂಟರ್‌ಗಳ ವಿಷಯದಲ್ಲಿ ಈ ವಿವೇಕವನ್ನು ಮರೆಯುತ್ತೇವೆ; ಕಣ್ಣಿಗೆ ಬೀಳದ ಕಡತ ಇಲ್ಲವೇ ಇಲ್ಲವೆಂದು ನಂಬುತ್ತೇವೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ನನ್ನ ಕಚೇರಿಯ ಹಳೆಯ ಕಂಪ್ಯೂಟರೊಂದನ್ನು ಪರಿಚಿತರ ಮಗನ ಓದಿಗೆಂದು ಕೊಡಲು ಹೊರಟಿದ್ದೆ. ಇ-ಮೇಲ್‌ಗಳನ್ನು ಅಳಿಸಿ, ರೀಸೈಕಲ್ ಬಿನ್ ಬರಿದು ಮಾಡಿ ನಿಶ್ಚಿಂತನಾಗಿದ್ದೆ. ಡಿಸ್ಕಿನಲ್ಲಿ ಜಾಗವೇಕೆ ಇಷ್ಟು ಕಡಿಮೆಯೆಂದು ಸಹಾಯಕರು ಹುಡುಕಿದಾಗ ಗುಪ್ತ ಫೋಲ್ಡರೊಂದು ತೆರೆದುಕೊಂಡಿತು. ಅರಿಶಿನ ವ್ಯಾಪಾರಿಯೊಬ್ಬರ ಬ್ಯಾಂಕ್ ಸ್ಟೇಟ್‌ಮೆಂಟ್, ಗ್ರಾನೈಟ್ ಘಟಕವೊಂದರ ಪಾಲುದಾರಿಕೆ ಪತ್ರ, ಹಲವರ ಪ್ಯಾನ್ ಕಾರ್ಡ್ ಪ್ರತಿಗಳು ಅಲ್ಲಿದ್ದವು. ಕಕ್ಷಿದಾರರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವುದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಪ್ರಕಾರ ವೃತ್ತಿ ದುರ್ನಡತೆ. ಕೂದಲೆಳೆಯ ಅಂತರದಲ್ಲಿ ಪಾರಾದೆ.

ಇದು ಹೇಗಾಗುತ್ತದೆ? ಔಟ್‌ಲುಕ್‌ನಲ್ಲಿ ಬಂದ ಲಗತ್ತನ್ನು ನಾವು ಉಳಿಸಿಕೊಳ್ಳದೆ ನೇರವಾಗಿ ತೆರೆದಾಗ, ಅದರ ತಾತ್ಕಾಲಿಕ ಪ್ರತಿಯೊಂದು ಡಿಸ್ಕಿನ ಗುಪ್ತ ಸ್ಥಳದಲ್ಲಿ ಸೃಷ್ಟಿಯಾಗುತ್ತದೆ. ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಆ ಫೋಲ್ಡರಿನ ಹೆಸರು 'ಕಂಟೆಂಟ್ ಡಾಟ್ ಔಟ್‌ಲುಕ್'. ಲಗತ್ತನ್ನು ಮುಚ್ಚಿದಾಗ ಪ್ರತಿಯೂ ಅಳಿಯಬೇಕು. ಆದರೆ ಲಗತ್ತು ತೆರೆದಿರುವಾಗಲೇ ಔಟ್‌ಲುಕ್ ಮುಚ್ಚಿದರೆ, ಅಥವಾ ವಿದ್ಯುತ್ ಹೋಗಿ ಯಂತ್ರ ನಿಂತರೆ, ಪ್ರತಿ ಅಲ್ಲಿಯೇ ಉಳಿದುಬಿಡುತ್ತದೆ. ಮೂಲ ಇ-ಮೇಲ್ ಅಳಿಸಿದರೂ ಅದು ಅಳಿಯುವುದಿಲ್ಲ.

ವ್ಯಾಪಾರಿಗಳಿಗೆ ಇನ್ನೊಂದು ತೊಡಕೂ ಉಂಟು. ಪೂರೈಕೆದಾರರನೇಕರು ಪ್ರತಿ ಸಲವೂ 'ಇನ್‌ವಾಯ್ಸ್' ಎಂಬ ಒಂದೇ ಹೆಸರಿನ ಕಡತ ಕಳುಹಿಸುತ್ತಾರೆ. ಉಳಿದ ಪ್ರತಿಗಳಿಗೆ 1, 2 ಎಂದು ಸಂಖ್ಯೆ ಸೇರುತ್ತಾ 99ಕ್ಕೆ ತಲುಪಿದರೆ, ಆ ಹೆಸರಿನ ಹೊಸ ಲಗತ್ತು ತೆರೆಯಲು ಔಟ್‌ಲುಕ್ ನಿರಾಕರಿಸುತ್ತದೆ. ರಿಟರ್ನ್ ಸಲ್ಲಿಸುವ ಕಡೆಯ ದಿನವೇ ಹೀಗಾದರೆ ಪಡುವ ಪಾಡು ಹೇಳತೀರದು.

'ನಮ್ಮ ಬಿಲ್ಲುಗಳಲ್ಲಿ ಏನು ರಹಸ್ಯವಿದೆ?' ಎಂದು ಕೆಲವರು ಕೇಳುತ್ತಾರೆ. ನಾವು ಯಾವ ದರಕ್ಕೆ ಕೊಂಡೆವು, ಯಾರಿಗೆ ಎಷ್ಟು ದಿನದ ಸಾಲ ಕೊಟ್ಟೆವು ಎಂಬುದಕ್ಕಿಂತ ದೊಡ್ಡ ವ್ಯಾಪಾರ ರಹಸ್ಯ ಯಾವುದು? ಕಂಪ್ಯೂಟರ್ ರಿಪೇರಿಗೆ ಹೋದಾಗ ಅದರೊಡನೆ ಇವೂ ಹೋಗುತ್ತವೆ. ನೌಕರರ, ಗ್ರಾಹಕರ ಗುರುತಿನ ದಾಖಲೆಗಳೂ ಅಲ್ಲಿರುತ್ತವೆ. ಉದ್ದೇಶ ತೀರಿದ ವೈಯಕ್ತಿಕ ಮಾಹಿತಿಯನ್ನು, ಕಾನೂನಿಗಾಗಿ ಇಡಬೇಕಾದುದನ್ನು ಬಿಟ್ಟು, ಅಳಿಸಬೇಕೆಂಬುದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ.

ಹಾಗೆಂದು ಕಣ್ಣುಮುಚ್ಚಿ ಅಳಿಸುವುದೂ ಸಲ್ಲದು. ಜಿಎಸ್‌ಟಿ ಕಾಯ್ದೆಯ 36ನೆಯ ಪ್ರಕರಣದಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಗಡುವಿನಿಂದ 72 ತಿಂಗಳು ಕಾಪಾಡಬೇಕು. ತೆರೆದ ಲಗತ್ತಿನಲ್ಲಿಯೇ ತಿದ್ದುಪಡಿ ಮಾಡಿ ಉಳಿಸಿದವರ ಕೆಲಸವೂ ಆ ಗುಪ್ತ ಫೋಲ್ಡರಿನಲ್ಲಿ ಸಿಕ್ಕಿಕೊಂಡಿರಬಹುದು. ಆದುದರಿಂದ ಮೊದಲು ಬೇಕಾದುದನ್ನು ವರ್ಷವಾರು ಫೋಲ್ಡರಿಗೆ ಸೇರಿಸಿ, ಬೇರೊಂದು ಡಿಸ್ಕಿನಲ್ಲಿ ಬ್ಯಾಕಪ್ ತೆಗೆದಿಡಿ. ಅನಂತರ ಔಟ್‌ಲುಕ್ ಮುಚ್ಚಿ, ತಾತ್ಕಾಲಿಕ ಪ್ರತಿಗಳನ್ನು ಅಳಿಸಿ, ರೀಸೈಕಲ್ ಬಿನ್ ಬರಿದು ಮಾಡಿ. ಯಂತ್ರವನ್ನು ಮಾರುವುದಾದರೆ ಇಷ್ಟು ಸಾಲದು. ಅಳಿಸಿದ ಕಡತಗಳನ್ನು ಮರಳಿ ಪಡೆಯುವ ತಂತ್ರಾಂಶಗಳಿವೆ. ಡಿಸ್ಕನ್ನು ಸಂಪೂರ್ಣ ಅಳಿಸಿಯೇ ಕೊಡಬೇಕು, ಇಲ್ಲವೇ ಕಳಚಿ ಇಟ್ಟುಕೊಳ್ಳಬೇಕು.

ಇದು ತಂತ್ರಜ್ಞರ ಕೆಲಸವೆಂದು ಮಾಲೀಕರು ಕೈತೊಳೆದುಕೊಳ್ಳಬಾರದೆಂಬುದೇ ನನ್ನ ಅಭಿಪ್ರಾಯ. ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ನಾವು ಪರರಿಗೆ ಒಪ್ಪಿಸುತ್ತೇವೆಯೇ? ತಿಂಗಳ 20ರಂದು ಜಿಎಸ್‌ಟಿಆರ್-3ಬಿ ಸಲ್ಲಿಸುವವರು ಮರುದಿನ ಅರ್ಧ ಗಂಟೆಯನ್ನು ಈ ಕೆಲಸಕ್ಕೆ ಮೀಸಲಿಡಲಿ. ಲಗತ್ತನ್ನು ಮೊದಲು ಉಳಿಸಿ, ಆಮೇಲೆ ತೆರೆಯುವ ಅಭ್ಯಾಸವನ್ನು ಗುಮಾಸ್ತರಿಗೆ ಕಲಿಸಲಿ. ವರ್ಷಾಂತ್ಯದಲ್ಲಿ ಗೋದಾಮಿನ ಮೂಲೆ ಮೂಲೆ ಎಣಿಸುವ ನಾವು, ಕಂಪ್ಯೂಟರಿನ ಈ ಮೂಲೆಯನ್ನೂ ಎಣಿಕೆಗೆ ಸೇರಿಸಿಕೊಳ್ಳುವುದು ಒಳಿತು.