ಚೀಟಿ ಓದುವ ವಿದ್ಯೆ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಅಧ್ಯಾಪಕರು ಅಪ್ಪಣೆ ಮಾಡಿದಾಗ, ಪ್ರಕೃತಿ ಸೌಂದರ್ಯ, ವಿದ್ಯಾರ್ಥಿ ಜೀವನ ಮೊದಲಾದ ಘನವಾದ ವಿಷಯಗಳನ್ನು ಸಹಪಾಠಿಗಳು ಆಗಲೇ ಹಂಚಿಕೊಂಡುಬಿಟ್ಟಿದ್ದರು. ನನ್ನ ಪಾಲಿಗೆ ಉಳಿದದ್ದು ಸುಟ್ಟುಹೋದ ಒಂದು ತಗಡಿನ ಪೆಟ್ಟಿಗೆ. ಕಂಪ್ಯೂಟರಿನ ಹಿಂಭಾಗದಲ್ಲಿ ಕುಳಿತು, ಗೋಡೆಯ ಪ್ಲಗ್ಗಿನಿಂದ ಬಂದ ವಿದ್ಯುಚ್ಛಕ್ತಿಯನ್ನು ಹದಮಾಡಿ ಒಳಗಿನ ಭಾಗಗಳಿಗೆ ಬಡಿಸುವ ಈ ಪೆಟ್ಟಿಗೆಗೆ ಅಂಗಡಿಗಳಲ್ಲಿ ಎಸ್‌ಎಂಪಿಎಸ್ ಎನ್ನುತ್ತಾರೆ. ಬಿ.ಎ. ಓದುವವನಿಗೆ ಇದರ ಗೊಡವೆ ಏಕೆಂದು ವಾಚಕ ಮಹಾಶಯರು ಹುಬ್ಬೇರಿಸಬಹುದು. ಹುಬ್ಬೇರಿಸಿದವರೇ ಕೊನೆಯವರೆಗೆ ಓದಬೇಕೆಂದು ನನ್ನ ಪ್ರಾರ್ಥನೆ.

ನಮ್ಮದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಎರಡು ವರ್ಷಗಳ ಹಿಂದೆ ಮಂಡ್ಯದ ಒಂದು ಕಚೇರಿಯವರು ಹಳೆಯ ಕಂಪ್ಯೂಟರುಗಳನ್ನು ಮಾರುತ್ತಾರೆಂದು ತಿಳಿದು, ತಂದೆಯವರು ಕಬ್ಬಿನ ಹಣದಲ್ಲಿ 5,000 ರೂಪಾಯಿ ತೆಗೆದುಕೊಟ್ಟರು. ಆ ವರ್ಷದ ಆಯುಧಪೂಜೆಯಲ್ಲಿ ನೇಗಿಲು ಕುಡುಗೋಲುಗಳ ಪಕ್ಕದಲ್ಲಿ ಅದಕ್ಕೂ ಅವ್ವ ಕುಂಕುಮವಿಟ್ಟಳು. ತಂಗಿಯ ವಿದ್ಯಾರ್ಥಿವೇತನದ ಅರ್ಜಿ ಅದರಲ್ಲಿ ಸಿದ್ಧವಾಯಿತು. ನನ್ನ ಇತಿಹಾಸದ ಪ್ರಬಂಧವೂ ಅದರಲ್ಲೇ ಬೆಳೆಯುತ್ತಿತ್ತು.

ಆ ಪ್ರಬಂಧದ ವಿಷಯ, ನಮ್ಮ ಸೀಮೆಗೆ ವಿದ್ಯುದ್ದೀಪ ಬಂದ ಬಗೆ. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತೆಗೆದ ವಿದ್ಯುಚ್ಛಕ್ತಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರನ್ನು ಬೆಳಗಿತು. ನಮ್ಮ ಮನೆಗೆ ದೀಪ ಬಂದದ್ದು, ಅಜ್ಜಿ ಸೊಸೆಯಾಗಿ ಬಂದು ಎಷ್ಟೋ ವರ್ಷಗಳಾದ ಮೇಲೆ. ಆ ಮೊದಲ ರಾತ್ರಿಯ ಸಂಭ್ರಮವನ್ನು ಅಜ್ಜಿ ಹೇಳುತ್ತಾ ಹೋದಳು, ನಾನು ಬರೆದುಕೊಳ್ಳುತ್ತಾ ಹೋದೆ.

ಒಂದು ಮಳೆಗಾಲದ ಸಂಜೆ ಕರೆಂಟು ಹೋಗಿ ಮತ್ತೆ ಬಂದಾಗ ಕಂಪ್ಯೂಟರಿನೊಳಗೆ ಠಪ್ಪೆಂದು ಸದ್ದಾಗಿ ಸುಟ್ಟ ವಾಸನೆ ಹಬ್ಬಿತು. ಹೋದದ್ದು ಎಸ್‌ಎಂಪಿಎಸ್ ಮಾತ್ರ; ಉಳಿದುದೆಲ್ಲ ಕ್ಷೇಮವಾಗಿತ್ತು. ಕಾಲೇಜಿನಿಂದ ಮರಳುವಾಗ ಮದ್ದೂರಿನಲ್ಲಿ ಇಳಿದು ಒಂದು ಅಂಗಡಿಗೆ ಹೋದೆ. ಅಲ್ಲಿ 2,000 ರೂಪಾಯಿಯದೊಂದು ಪೆಟ್ಟಿಗೆಯಿತ್ತು, 550 ರೂಪಾಯಿಯದೊಂದಿತ್ತು. ಎರಡರ ಮೇಲೂ 450 ವ್ಯಾಟ್ ಎಂದೇ ಬರೆದಿತ್ತು. ನಾನು ಬೆಲೆಯನ್ನು ಮಾತ್ರ ಕೇಳಿದೆ. ಇನ್ನೇನಾದರೂ ಕೇಳಿದರೆ, ಹಳ್ಳಿಯ ಹುಡುಗ, ಏನೂ ತಿಳಿಯದೆಂದು ಅಂಗಡಿಯವನು ನಕ್ಕಾನೆಂಬ ಸಂಕೋಚ. 550 ರೂಪಾಯಿ ಕೊಟ್ಟು, ಜಾಣತನ ಮಾಡಿದೆನೆಂಬ ಹೆಮ್ಮೆಯಿಂದ ಎರಡು ಮದ್ದೂರು ವಡೆ ತಿಂದು ಬಸ್ಸು ಹತ್ತಿದೆ.

ಎರಡೇ ತಿಂಗಳು. ಹೊಸ ಪೆಟ್ಟಿಗೆ ತಾನು ಹೋಗುವಾಗ ಮದರ್‌ಬೋರ್ಡು ಮತ್ತು ಹಾರ್ಡ್‌ಡಿಸ್ಕುಗಳನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಪ್ರಬಂಧಕ್ಕೆ ಬೇರೆ ಪ್ರತಿ ಇರಲಿಲ್ಲ. ಪುಸ್ತಕಗಳಿಂದ ತೆಗೆದುದನ್ನು ಮತ್ತೆ ಬರೆದೆನು. ಅಜ್ಜಿ ಹೇಳಿದ್ದನ್ನು ಬರೆಯಲಾಗಲಿಲ್ಲ. ಆ ವೇಳೆಗೆ ಅಜ್ಜಿ ತೀರಿಕೊಂಡಿದ್ದಳು.

ಮಂಡ್ಯದಲ್ಲಿ ರಿಪೇರಿ ಮಾಡುವ ಹಿರಿಯರೊಬ್ಬರು ಆ ಸುಟ್ಟ ಪೆಟ್ಟಿಗೆಯನ್ನು ಅಂಗೈಯಲ್ಲಿ ತೂಗಿ, ಅದರ ಮಗ್ಗುಲಿನ ಚೀಟಿಯನ್ನು ನನ್ನಿಂದಲೇ ಓದಿಸಿದರು. 12 ವೋಲ್ಟಿನ ಎದುರಿಗೆ 10 ಆಂಪಿಯರ್ ಎಂದಿತ್ತು. ಇವೆರಡನ್ನು ಗುಣಿಸಿದರೆ 120 ವ್ಯಾಟ್. ಈಗಿನ ಯಂತ್ರಗಳ ಮುಖ್ಯ ಭಾಗಗಳೆಲ್ಲ 12 ವೋಲ್ಟಿನಿಂದಲೇ ಉಣ್ಣುವುದರಿಂದ, ನೋಡಬೇಕಾದ ಲೆಕ್ಕ ಇದೇ. ದಪ್ಪಕ್ಷರದ 450 ಅಲ್ಲ. ನಾನು ಅನಂತರ ಕೊಂಡ ಪೆಟ್ಟಿಗೆಯಲ್ಲಿ ಅದೇ ಜಾಗದಲ್ಲಿ 30 ಆಂಪಿಯರ್, ಅಂದರೆ 360 ವ್ಯಾಟ್ ಇದೆ. ತೀರ ಹಗುರವಾದ ಪೆಟ್ಟಿಗೆಯಲ್ಲಿ ಏರಿಳಿತವನ್ನು ತಡೆಯುವ ಸುರುಳಿಗಳನ್ನೂ ಕೆಪಾಸಿಟರುಗಳನ್ನೂ ಉಳಿತಾಯ ಮಾಡಿರುತ್ತಾರೆ; ವೋಲ್ಟೇಜು ಮಿತಿಮೀರಿದಾಗ ತಾನೇ ನಿಂತುಹೋಗುವ ಏರ್ಪಾಡನ್ನೂ ಬಿಟ್ಟಿರುವುದುಂಟು.

ಹಾಗೆಂದು ದೊಡ್ಡ ಪೆಟ್ಟಿಗೆಯೇ ಬೇಕೆಂದಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದ ನಮ್ಮಂಥವರ ಹಳೆಯ ಕಂಪ್ಯೂಟರಿಗೆ ಸಾಮಾನ್ಯವಾಗಿ 150 ವ್ಯಾಟಿನೊಳಗೇ ಸಾಕು. ಸುಳ್ಳು ಹೇಳುವ 600ಕ್ಕಿಂತ ನಿಜ ಹೇಳುವ 300 ಮೇಲು. 2004ರಲ್ಲಿ ಆರಂಭವಾದ 80 ಪ್ಲಸ್ ಎಂಬ ಗುರುತು, ಪೆಟ್ಟಿಗೆಯು ವಿದ್ಯುತ್ತನ್ನು ಎಷ್ಟು ಕಡಿಮೆ ಪೋಲು ಮಾಡುತ್ತದೆಂಬುದನ್ನು ಹೇಳುತ್ತದೆಯೇ ಹೊರತು ರಕ್ಷಣೆಯ ಭರವಸೆಯನ್ನಲ್ಲ. ಆದರೂ ಯಾರೋ ಒಬ್ಬರು ಪರೀಕ್ಷಿಸಿದ್ದಾರೆಂಬ ಸಮಾಧಾನ ಅದರಲ್ಲಿದೆ. ಕೊಳ್ಳುವ ಮುನ್ನ ಹಳೆಯ ಪೆಟ್ಟಿಗೆಯನ್ನು ಜೊತೆಗೆ ಒಯ್ದು, ಮದರ್‌ಬೋರ್ಡಿನ ಕನೆಕ್ಟರಿಗೆ 20 ಪಿನ್ನೋ 24 ಪಿನ್ನೋ, ಪ್ರೊಸೆಸರಿಗೆ ಬೇರೆ 4 ಪಿನ್ ಬೇಕೋ ಎಂದು ಹೋಲಿಸಿ ನೋಡಬೇಕು. ಕೆಲವು ಕಂಪೆನಿಗಳು ತಮ್ಮದೇ ಅಳತೆಯ ಪೆಟ್ಟಿಗೆ ಮಾಡಿರುತ್ತವೆ. ಅಂಥ ಯಂತ್ರಕ್ಕೆ ಬೇರೆಯದು ಕೂರುವುದಿಲ್ಲ. ಹಿಂದೆ ಕೆಂಪು ಸ್ವಿಚ್ಚಿದ್ದರೆ ಅದು 230ರಲ್ಲಿರಬೇಕು. ರಸೀತಿ ಮತ್ತು ವಾರಂಟಿ ಇಲ್ಲದೆ ಕೊಳ್ಳಬಾರದು. ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ನೋಡದೆ ಹಚ್ಚಬಾರದು. ಸುಟ್ಟ ಪೆಟ್ಟಿಗೆಯನ್ನು ಕುತೂಹಲದಿಂದ ಬಿಚ್ಚುವುದಂತೂ ಕೂಡದು. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕು ಉಳಿದಿರಬಹುದು.

5,000 ರೂಪಾಯಿಯ ಯಂತ್ರಕ್ಕೆ 2,000ದ ಪೆಟ್ಟಿಗೆಯೇ, ಮುದಿ ಎತ್ತಿಗೆ ಬೆಳ್ಳಿಯ ಗೆಜ್ಜೆಯಂತಲ್ಲವೇ ಎಂದು ಸ್ನೇಹಿತರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ 1995ರಲ್ಲಿ ಬಂದ ಎಟಿಎಕ್ಸ್ ಎಂಬ ಮಾದರಿ ಇಂದಿಗೂ ನಡೆಯುತ್ತಿರುವುದರಿಂದ, ಒಳ್ಳೆಯ ಪೆಟ್ಟಿಗೆಯನ್ನು ನಾಳಿನ ಯಂತ್ರಕ್ಕೂ ಸಾಮಾನ್ಯವಾಗಿ ಜೋಡಿಸಬಹುದು. ಅಲ್ಲದೆ, ಅದು ಕಾಯುವುದು ಯಂತ್ರದ ಬೆಲೆಯನ್ನಷ್ಟೇ ಅಲ್ಲ, ಅದರೊಳಗಿರುವುದನ್ನು. ಹಣವಿಲ್ಲದಿದ್ದರೆ ಒಂದು ತಿಂಗಳು ಸ್ನೇಹಿತರ ಕಂಪ್ಯೂಟರಿನಲ್ಲಿ ಕೆಲಸ ಸಾಗಿಸಿ ಕಾಯುವುದು ಲೇಸು. ಎರಡು ಬಾರಿ ಕೊಳ್ಳುವ ಶ್ರೀಮಂತಿಕೆ ನಮಗಿಲ್ಲ.

ಆದರೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಬೇರೆ. ನಡೆದುದನ್ನೆಲ್ಲ ಕೇಳಿದ ತಂದೆಯವರು ಗದರಲಿಲ್ಲ. ‘ಪಂಪ್‌ಸೆಟ್ ತರುವಾಗ ನಾನು ಎಷ್ಟು ಎಚ್‌ಪಿ, ವೈಂಡಿಂಗ್ ತಾಮ್ರದ್ದೋ ಅಲ್ವೋ, ಕೆಟ್ರೆ ಯಾರು ನೋಡ್ತಾರೆ ಅಂತ ಅಂಗಡಿಯವನ ಪ್ರಾಣ ತಿಂತೀನಿ. ಓದೋಕೆ ಬರದಿದ್ರೆ ಇನ್ನೊಬ್ಬರ ಕೈಲಿ ಓದುಸ್ಕೊತೀನಿ. ನೀನು ಓದ್ದೋನು, ಯಾಕ್ಲಾ ಮಗ ಕೇಳ್ಲಿಲ್ಲ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಸಹಪಾಠಿಗಳೇ, ಹಳಗನ್ನಡದ ಒಂದು ಪದ್ಯಕ್ಕೆ ಅನ್ವಯ ಹೇಳಬಲ್ಲ ನಾವು, ಒಂದು ಪೆಟ್ಟಿಗೆಯ ಮೇಲಿನ ನಾಲ್ಕು ಸಾಲನ್ನು ಓದಲು ಅಂಜುತ್ತೇವೆ. ಅದು ವಿಜ್ಞಾನದವರ ಕೆಲಸವೆಂದು ಪಕ್ಕಕ್ಕಿಡುತ್ತೇವೆ. ಬೇಕಾದ ಗಣಿತವು ಒಂದು ಗುಣಾಕಾರಕ್ಕಿಂತ ಹೆಚ್ಚಿಲ್ಲ. ನಮ್ಮನ್ನು ತಡೆಯುವುದು ಅಜ್ಞಾನವಲ್ಲ, ಅಜ್ಞಾನ ಕಂಡೀತೆಂಬ ನಾಚಿಕೆ. ಓದಿನ ಮನೆತನದಿಂದ ಬಂದವರಿಗಿಂತ ಮೊದಲ ಪೀಳಿಗೆಯ ನಮಗೆ ಇದು ಹೆಚ್ಚು. ಎಲ್ಲವನ್ನೂ ಬಲ್ಲವರಂತೆ ತೋರಿಸಿಕೊಳ್ಳುವ ಚಪಲ ನಮ್ಮದು. ಓದಿದವನು ಕೇಳಬಾರದೆಂದಾದರೆ ಓದಿ ಏನು ಬಂತು? ಗುರುಗಳು ಮನಸ್ಸು ಮಾಡಿ ವರ್ಷಕ್ಕೊಂದು ಸಲವಾದರೂ ಇಂತಹ ವಸ್ತುಗಳನ್ನು ಮೇಜಿನ ಮೇಲಿಟ್ಟು ಅವುಗಳ ಚೀಟಿಗಳನ್ನು ನಮ್ಮಿಂದ ಓದಿಸಿದರೆ, ಅದೂ ಪಾಠವೇ ಆದೀತೆಂದು ನನ್ನ ನಮ್ರ ಅಭಿಪ್ರಾಯ.

ಬೇರೆ ಮದರ್‌ಬೋರ್ಡು, ಬೇರೆ ಡಿಸ್ಕು ಮತ್ತು ಕೇಳಿ ತಂದ ಪೆಟ್ಟಿಗೆಯೊಡನೆ ನಮ್ಮ ಕಂಪ್ಯೂಟರು ಈಗ ನಡೆಯುತ್ತಿದೆ. ಈ ಲೇಖನವನ್ನು ಅದರಲ್ಲೇ ಬರೆದೆನು. ಇದರ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿದೆ.