ಉಂಡ ಮನೆಯ ಜಂತಿ ಎಣಿಸಬೇಡಿ

ಸಾಫ್ಟ್‌ವೇರ್ ಬರೆಯುವ ಗೆಳೆಯರೇ, ಗೆಳತಿಯರೇ,

ತಾಲ್ಲೂಕು ಕೇಂದ್ರದ ಒಂದು ಜೆರಾಕ್ಸ್ ಅಂಗಡಿಯನ್ನು ನೆನೆಸಿಕೊಳ್ಳಿ. 4 ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರ್. ಅರ್ಜಿ ಹಾಕಲು ಒಬ್ಬ ಹುಡುಗಿ ಬಂದಿದ್ದಾಳೆ, ಅಂದೇ ಕೊನೆಯ ದಿನ. ಪರದೆಯ ಮೇಲೆ ನೀಲಿ ಚಕ್ರ ಗಿರಗಿರನೆ ತಿರುಗುತ್ತಲೇ ಇದೆ. ‘ಸಿಸ್ಟಂ ಸ್ಲೋ ಐತೆ, ನಾಳೆ ಬಾರಮ್ಮ’ ಎನ್ನುತ್ತಾನೆ ಅಂಗಡಿಯವನು. ಆ ಹುಡುಗಿಗೆ ನಾಳೆ ಎಂಬುದಿಲ್ಲ.

ಯಂತ್ರ ಸೋಮಾರಿಯಲ್ಲ. ಬೆವರು ಸುರಿಸಿ ದುಡಿಯುತ್ತಿದೆ, ಅವಳಿಗಾಗಿ ಅಲ್ಲ ಅಷ್ಟೆ. ಪ್ರಿಂಟರಿನ ಜೊತೆ ಬಂದ ‘ಅಸಿಸ್ಟೆಂಟ್’, ಎಂದೋ ಒಮ್ಮೆ ಬಳಸಿದ ಮೀಟಿಂಗ್ ಆ್ಯಪ್, ಕಂಪನಿಗೊಂದರಂತೆ ‘ಅಪ್‌ಡೇಟರ್’. ಯಾರೂ ಕರೆಯಲಿಲ್ಲ, ಎಲ್ಲವೂ ಬಂದು ಕೂತಿವೆ.

ಇದು ಹೊಸ ಚಾಳಿಯಲ್ಲ. 2005ರಲ್ಲಿ ಸೋನಿ ಬಿಎಂಜಿ ಕಂಪನಿಯ ಹಾಡಿನ ಸಿಡಿಗಳು ಕೊಂಡವರ ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶವನ್ನು ಬಚ್ಚಿಟ್ಟವು. ಎರಡು ಸೆಕೆಂಡಿಗೊಮ್ಮೆ, ಸಿಡಿ ಹಾಕದಿದ್ದಾಗಲೂ, ಯಾವ ಯಾವ ಪ್ರೋಗ್ರಾಂ ಓಡುತ್ತಿದೆ ಎಂದು ಅದು ತಡಕುತ್ತಿತ್ತು. ಉಂಡ ಮನೆಯ ಜಂತಿ ಎಣಿಸುವುದೆಂದರೆ ಇದೇ. ಮಾರ್ಕ್ ರುಸಿನೋವಿಚ್ ಎಂಬ ತಂತ್ರಜ್ಞ ಅದನ್ನು ಹಿಡಿದು ಜಗತ್ತಿಗೆ ತೋರಿಸಿದ ಮೇಲೆ ಕಂಪನಿ ಸಿಡಿಗಳನ್ನು ವಾಪಸು ಪಡೆಯಿತು. 2017ರಲ್ಲಿ ಕಾಯಿನ್‌ಹೈವ್ ಎಂಬ ತಂತ್ರಾಂಶ ಬಂತು. ಜಾಲತಾಣ ತೆರೆದವರ ಪ್ರೊಸೆಸರಿನಿಂದ ಮೊನೆರೊ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ. 2018ರ ಫೆಬ್ರವರಿಯಲ್ಲಿ ದೃಷ್ಟಿ ಮಂದವಾದವರಿಗೆ ಪುಟ ಓದಿ ಹೇಳುವ ಒಂದು ತಂತ್ರಾಂಶದೊಳಗೇ ಕಳ್ಳರು ಅದನ್ನು ತೂರಿಸಿದರು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯ ತಾಣವೂ ಸೇರಿ ಸಾವಿರಾರು ತಾಣಗಳು ಓದಲು ಬಂದವರ ಯಂತ್ರಗಳನ್ನು ಗಾಣಕ್ಕೆ ಕಟ್ಟಿದವು.

‘ನಾವು ಕಳ್ಳರಲ್ಲ’ ಎನ್ನುತ್ತೀರಿ. ನಿಜ. ಆದರೆ ಬೆಂಗಳೂರಿನ ಎಸಿ ಕೋಣೆಯಲ್ಲಿ, 32 ಜಿಬಿ ಯಂತ್ರದ ಮುಂದೆ ಕೂತು ‘ಆನ್ ಆದ ಕೂಡಲೇ ಓಡಲಿ’ ಎಂದು ಒಂದು ಸಾಲು ಬರೆಯುವಾಗ ಆ ಅಂಗಡಿ ನಿಮ್ಮ ಕಣ್ಣಿಗೆ ಬರುತ್ತದೆಯೇ? ನಿಮ್ಮದು ಬರೀ 100 ಎಂಬಿ ಇರಬಹುದು. ಪಕ್ಕದ ಕಂಪನಿಯವರೂ ಹಾಗೇ ಅಂದುಕೊಂಡಿದ್ದಾರೆ, ಅದರ ಪಕ್ಕದವರೂ. ಹನಿ ಹನಿ ಕೂಡಿದ ಆ ಹಳ್ಳದಲ್ಲಿ ಮುಳುಗುವವಳು ಅವಳು.

ಬಳಸುವವರಾದ ನಮಗೂ ಪಾಲಿದೆ. ದುಡ್ಡು ಉಳಿಯಿತೆಂದು ಕದ್ದ ತಂತ್ರಾಂಶದ ‘ಕ್ರ್ಯಾಕ್’ ಹಾಕಿಸಿಕೊಳ್ಳುತ್ತೇವೆ. ಅದರ ಬೆನ್ನೇರಿ ನಾಣ್ಯ ಗಣಿಗಾರಿಕೆಯ ‘ಮೈನರ್’ ಬಂದರೆ ಕಂಪ್ಯೂಟರನ್ನು ಬೈಯುತ್ತೇವೆ. ಬೈಯುವ ಬದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಹೆಸರು ಗೊತ್ತಿಲ್ಲವೆಂದು ಕಂಡಕಂಡದ್ದನ್ನು ಕೊಲ್ಲಬೇಡಿ. ‘ಸಿಸ್ಟಂ ಐಡಲ್ ಪ್ರೋಸೆಸ್’ ಶೇ. 95 ತೋರಿಸಿದರೆ ಯಂತ್ರ ಬಿಡುವಾಗಿದೆ ಎಂದರ್ಥ. ವಿಂಡೋಸ್‌ನದೇ ಆದ ‘ಎಸ್‌ವಿಸಿಹೋಸ್ಟ್’ ಹತ್ತಾರು ಇರುವುದು ಸಹಜ. ಅದು ವಿಂಡೋಸ್‌ನ ಸಿಸ್ಟಂ32 ಫೋಲ್ಡರ್ ಬಿಟ್ಟು ಡೌನ್‌ಲೋಡ್ಸ್‌ನಿಂದ ಓಡುತ್ತಿದ್ದರೆ ಅನುಮಾನಿಸಿ. ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ನಿಲ್ಲಿಸಿ. ಸೋಂಕು ತೊಳೆಯಲು ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಉಚಿತ ಸಾಧನಗಳನ್ನು ಕೊಡುತ್ತದೆ.

ಆದರೆ ಮನೆಯವರು ಮಾತ್ರ ದಿನವೂ ಕಾವಲು ಕಾಯಬೇಕೇ? ಬರುವವರಿಗೂ ಒಂದು ಮರ್ಯಾದೆ ಬೇಡವೇ? ಒಳಗೆ ಬರುವ ಮುನ್ನ ಕೇಳಿ. ನಿಮ್ಮ ಪ್ರೋಗ್ರಾಮಿಗೆ ಕಂಪನಿಯ ಗುಟ್ಟಿನ ಸಂಕೇತವಲ್ಲ, ಜನರಿಗೆ ತಿಳಿಯುವ ಹೆಸರಿಡಿ. ಕೆಲಸ ಮುಗಿದ ಮೇಲೆ ಎದ್ದು ಹೋಗಿ. ತೆಗೆದುಹಾಕಿದರೆ ಬೇರುಸಹಿತ ಹೋಗಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿ ಸುಮ್ಮನಾಗಬೇಡಿ. ಊರಿನಲ್ಲಿ ಅಪ್ಪ ಬಳಸುವ ಹಳೆಯ ಯಂತ್ರದಲ್ಲೂ ಒಮ್ಮೆ ಓಡಿಸಿ ನೋಡಿ.

ನಾಳೆ ಕೆಲಸಕ್ಕೆ ಕೂತಾಗ ನಿಮ್ಮ ಇನ್‌ಸ್ಟಾಲರ್ ತೆರೆಯಿರಿ. ‘ಕಂಪ್ಯೂಟರ್ ಆನ್ ಆದಾಗ ಶುರುವಾಗಲಿ’ ಎಂಬ ಮಾತಿನ ಪಕ್ಕ ಒಂದು ಪುಟ್ಟ ಚೌಕವಿದೆ. ಅದರಲ್ಲಿ ಮೊದಲೇ ಬಿದ್ದಿರುವ ಟಿಕ್ ಗುರುತನ್ನು ತೆಗೆಯಿರಿ. ಹಾಕುವುದೋ ಬಿಡುವುದೋ, ಆ ಹುಡುಗಿ ನೋಡಿಕೊಳ್ಳುತ್ತಾಳೆ.