ಹಡಗು ಮುಳುಗಿಸಿದ ಮೇಲೆ

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿ ಕಮಾಂಡರುಗಳ ಯೋಗ್ಯತೆಯನ್ನು ಅಳೆಯುತ್ತಿದ್ದದ್ದು ಟನ್ನುಗಳಲ್ಲಿ. ಎಷ್ಟು ಟನ್ ಹಡಗು ಮುಳುಗಿಸಿದರೆಂಬುದರ ಮೇಲೆ ಪದಕ, ಹೆಸರು, ಪತ್ರಿಕೆಗಳಲ್ಲಿ ಫೋಟೊ. ಹಡಗು ಮುಳುಗಿದ ಮೇಲೆ ನೀರಿನಲ್ಲಿ ಉಳಿದವರು ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಆದರೆ ಕಮಾಂಡರನ ನಡತೆಯನ್ನು ತೂಗುವವರು ಮೊದಲು ನೋಡಬೇಕಾದದ್ದು ಅವರನ್ನೇ.

ಯು-156ರ ಕಮಾಂಡರ್ ವರ್ನರ್ ಹಾರ್ಟೆನ್‌ಸ್ಟೈನ್ ಸಾಧುಪುರುಷನೇನಲ್ಲ. 1942ರ ಫೆಬ್ರವರಿಯಲ್ಲಿ ಅರೂಬಾ ದ್ವೀಪದ ಬಳಿ ತೈಲದ ಹಡಗುಗಳಿಗೆ ಟಾರ್ಪೆಡೊ ಹೊಡೆದವನು. ಅದೇ ವರ್ಷ ಸೆಪ್ಟೆಂಬರ್ 12ರ ರಾತ್ರಿ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಬ್ರಿಟನ್ನಿನ ಲಕೋನಿಯಾ ಹಡಗನ್ನು ಮುಳುಗಿಸಿದ. ಅದರಲ್ಲಿ ಫಿರಂಗಿಗಳಿದ್ದವು, ಸೈನಿಕರಿದ್ದರು. ಯುದ್ಧದ ನಿಯಮದ ಪ್ರಕಾರ ಅದು ತಪ್ಪಲ್ಲ. ಮೇಲಕ್ಕೆ ಬಂದಾಗ ಕೇಳಿಸಿದ್ದು ಇಟಾಲಿಯನ್ ಭಾಷೆಯ ಕೂಗು. ಜರ್ಮನಿಯ ಮಿತ್ರರಾಷ್ಟ್ರದ ಸುಮಾರು 1,800 ಯುದ್ಧಕೈದಿಗಳು ಆ ಹಡಗಿನಲ್ಲಿದ್ದರು. ಅವನನ್ನು ಮೊದಲು ತಡೆದು ನಿಲ್ಲಿಸಿದ್ದು ಕರುಣೆಗಿಂತ ಹೆಚ್ಚಾಗಿ ಈ ಮುಜುಗರವೇ ಇರಬಹುದು. ಆದರೆ ಅವನು ಇಟಲಿಯವರನ್ನಷ್ಟೇ ಆರಿಸಿ ಎತ್ತಲಿಲ್ಲ. ಬ್ರಿಟಿಷರು, ಪೋಲೆಂಡಿನವರು, ಹೆಂಗಸರು, ಮಕ್ಕಳು ಎಲ್ಲರೂ ಜಲಾಂತರ್ಗಾಮಿ ಹತ್ತಿದರು. ನೆರವಿಗೆ ಬರುವ ಹಡಗಿನ ಮೇಲೆ ದಾಳಿ ಮಾಡುವುದಿಲ್ಲವೆಂದು ಸಂಕೇತಭಾಷೆ ಬಿಟ್ಟು ನೇರ ಇಂಗ್ಲಿಷಿನಲ್ಲೇ ರೇಡಿಯೊ ಸಂದೇಶ ಕಳಿಸಿದ.

ನಾಲ್ಕನೇ ದಿನ ಅಸೆನ್ಷನ್ ದ್ವೀಪದಿಂದ ಅಮೆರಿಕದ ಬಾಂಬರ್ ವಿಮಾನ ಬಂತು. ಕೆಳಗೆ ರೆಡ್‌ಕ್ರಾಸ್ ಗುರುತಿನ ಬಟ್ಟೆ ಹಾಸಿತ್ತು, ಹಿಂದೆ ಹಗ್ಗ ಕಟ್ಟಿದ ನಾಲ್ಕು ದೋಣಿಗಳಿದ್ದವು. ಆದರೂ ಬಾಂಬ್ ಬಿತ್ತು. ಹಾರ್ಟೆನ್‌ಸ್ಟೈನ್ ಹಗ್ಗ ಕಡಿಸಿ, ಹತ್ತಿಸಿಕೊಂಡವರನ್ನು ಮತ್ತೆ ನೀರಿಗಿಳಿಸಿ ಮುಳುಗಿ ಪಾರಾದ. ಮರುದಿನ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಕಾರ್ಲ್ ಡೋನಿಟ್ಜ್, ಮುಳುಗಿದ ಹಡಗಿನವರನ್ನು ಇನ್ನು ಯಾರೂ ಕಾಪಾಡಕೂಡದೆಂದು ಆದೇಶ ಹೊರಡಿಸಿದ.

ಈ ಆದೇಶ ಬಂದ ಮೇಲೆ ಕಮಾಂಡರನಿಗೆ ಆಯ್ಕೆಯೇ ಉಳಿಯಲಿಲ್ಲ ಎಂಬ ವಾದವಿದೆ. ಅದು ನಿಲ್ಲುವುದಿಲ್ಲವೆಂಬುದಕ್ಕೆ ಯು-852ರ ಕಥೆ ಸಾಕು. 1944ರ ಮಾರ್ಚ್ 13ರಂದು ಅದರ ಕಮಾಂಡರ್ ಹೈನ್ಸ್-ವಿಲ್ಹೆಲ್ಮ್ ಎಕ್ ಗ್ರೀಸ್‌ನ ಪೆಲಿಯಸ್ ಹಡಗನ್ನು ಮುಳುಗಿಸಿದ. ಅವನು ಹಿಂದೂ ಮಹಾಸಾಗರದತ್ತ ಹೊರಟಿದ್ದ. ಬೆಳಗಾದರೆ ತೇಲುವ ಅವಶೇಷಗಳನ್ನು ಕಂಡು ವಿಮಾನಗಳು ಬೆನ್ನಟ್ಟಿಯಾವೆಂಬ ಭಯ. ತೆಪ್ಪಗಳ ಮೇಲೆ ಗಂಟೆಗಟ್ಟಲೆ ಮೆಷಿನ್‌ಗನ್ ಹೊಡೆಸಿದ, ಗ್ರೆನೇಡ್ ಎಸೆಸಿದ. ತೆಪ್ಪಗಳು ಮುಳುಗಲಿಲ್ಲ, ಅವುಗಳ ಮೇಲಿದ್ದವರು ಸತ್ತರು. 35 ಮಂದಿಯಲ್ಲಿ ಮೂವರು ಮಾತ್ರ ಒಂದು ತಿಂಗಳಿಗೂ ಮೀರಿ ತೇಲಿ ಬದುಕಿದರು.

1945ರ ಅಕ್ಟೋಬರಿನಲ್ಲಿ ಹ್ಯಾಂಬರ್ಗ್‌ನ ಬ್ರಿಟಿಷ್ ಸೇನಾ ನ್ಯಾಯಾಲಯದಲ್ಲಿ ಎಕ್ ಮೇಲಿನವರ ಆದೇಶದ ಹಿಂದೆ ಅಡಗಲಿಲ್ಲ, ನನ್ನ ಸಿಬ್ಬಂದಿಯ ಜೀವ ಉಳಿಸಲು ಬೇರೆ ದಾರಿಯಿರಲಿಲ್ಲ ಎಂದ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಐವತ್ತು ಅರವತ್ತು ಜನ ಒತ್ತಾಗಿ ಬದುಕುವ ಕೊಳವೆಯಲ್ಲಿ ನೂರಾರು ಜನರನ್ನು ಹೊತ್ತು ಬಹಳ ದಿನ ಸಾಗುವುದು ಅಸಾಧ್ಯ. ಬಾಂಬ್ ಬಿದ್ದಾಗ ಹಾರ್ಟೆನ್‌ಸ್ಟೈನ್ ಕೂಡ ಬಿಟ್ಟು ಹೋದ, ಅದಕ್ಕೆ ಅವನನ್ನು ದೂರುವುದು ಕಷ್ಟ. ಆದರೆ ಕಾಪಾಡಲಾಗದೆ ಹೋಗುವುದು ಬೇರೆ, ನಿಂತು ಕೊಲ್ಲುವುದು ಬೇರೆ. ಕತ್ತಲಿರುವಾಗಲೇ ದೂರ ಸರಿಯುವ ದಾರಿ ಎಕ್‌ಗೆ ತೆರೆದೇ ಇತ್ತು.

ಎಕ್‌ನ ಕೈಕೆಳಗಿನವರಿಗೂ ಆಯ್ಕೆಯಿತ್ತು. ಮುಖ್ಯ ಎಂಜಿನಿಯರ್ ಹಾನ್ಸ್ ಲೆನ್ಜ್ ಮೊದಲು ಆಕ್ಷೇಪ ಎತ್ತಿದ, ಆಮೇಲೆ ತಾನೇ ಗನ್ ಹಿಡಿದ. ಅವನಿಗೆ ಜೀವಾವಧಿ. ಜೀವ ಉಳಿಸುವ ಕಸುಬಿನ ವೈದ್ಯ ವಾಲ್ಟರ್ ವೈಸ್ಪ್ಫೆನಿಗ್ ಸಹ ಗುಂಡು ಹಾರಿಸಿದ್ದ. ನವೆಂಬರ್ 30ರಂದು ಎಕ್ ಮತ್ತು ಇನ್ನೊಬ್ಬ ಅಧಿಕಾರಿಯ ಜೊತೆ ಅವನನ್ನೂ ಗುಂಡಿಟ್ಟು ಕೊಂದರು. ಎಕ್‌ಗೆ ಆಗ 29 ವರ್ಷ.

ಡೋನಿಟ್ಜ್‌ಗೆ ನ್ಯೂರೆಂಬರ್ಗ್‌ನ ಯುದ್ಧಾಪರಾಧ ವಿಚಾರಣೆಯಲ್ಲಿ ಹತ್ತು ವರ್ಷ ಸಜೆಯಾಯಿತು. ಬಿಡುಗಡೆಯಾಗಿ ಆತ್ಮಕಥೆ ಬರೆದು 1980ರವರೆಗೆ ಬದುಕಿದ. ಪೆಸಿಫಿಕ್‌ನಲ್ಲಿ ಅಮೆರಿಕದ ಜಲಾಂತರ್ಗಾಮಿಗಳೂ ಎಚ್ಚರಿಕೆ ಕೊಡದೆ ದಾಳಿ ಮಾಡುತ್ತಿದ್ದವೆಂದು ಅಲ್ಲಿನ ಅಮೆರಿಕನ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ನಿಮಿಟ್ಜ್ ಲಿಖಿತ ಸಾಕ್ಷ್ಯ ಕೊಟ್ಟಿದ್ದರಿಂದ, ಜಲಾಂತರ್ಗಾಮಿ ಯುದ್ಧದ ನಿಯಮ ಮುರಿದದ್ದನ್ನು ಅವನ ಶಿಕ್ಷೆಗೆ ಲೆಕ್ಕ ಹಿಡಿಯಲಿಲ್ಲ. ಗೆದ್ದವರ ನ್ಯಾಯ ಎಂಬ ಟೀಕೆಗೆ ಇಲ್ಲಿ ಆಧಾರವಿದೆ. ಆದರೂ ಆ ಟೀಕೆಯಿಂದ ಎಕ್‌ನ ತಪ್ಪು ತೊಳೆದುಹೋಗುವುದಿಲ್ಲ. ಪೆಲಿಯಸ್ ತೀರ್ಪು ಸರಿಯಾಗಿಯೇ ಇತ್ತು. ಕೊರತೆ ಇದ್ದದ್ದು, ದೋಣಿಗಳು ಕಾಣುತ್ತಿದ್ದರೂ ಲಕೋನಿಯಾದವರ ನಡುವೆ ಬಾಂಬ್ ಹಾಕಿಸಿದವರನ್ನು ಅದಕ್ಕೆ ಉತ್ತರಿಸಲು ಯಾರೂ ಕರೆಯದೆ ಹೋದದ್ದರಲ್ಲಿ.